ಪಟ್ಟಣದ ಕೊಳೆ, ರೈತನ ಹೊಲ

(ತಾಲ್ಲೂಕು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ, ಸಾಲದ ಸಭೆಯಲ್ಲಿ ಅಮೆರಿಕದ ಮೀನಿನ ಮಾತು ಯಾಕಪ್ಪ ಅಂತ ನೀವು ಕೇಳಬಹುದು. ಕಾರಣ ಇದೆ.

ಅಮೆರಿಕ, ಕೆನಡಾಗಳ ಗಡಿ ಸೀಮೆಯಲ್ಲಿ ಐದು ಮಹಾ ಸಿಹಿನೀರಿನ ಸರೋವರಗಳಿವೆ. 2012ರಲ್ಲಿ ವಿಜ್ಞಾನಿಗಳು ಅವುಗಳ ಪೈಕಿ ಮೂರರಲ್ಲಿ ಸಣ್ಣ ಕಣ್ಣಿನ ಬಲೆ ಎಳೆದು ನೋಡಿದರು. ಚದರ ಕಿಲೋಮೀಟರಿಗೆ ಸರಾಸರಿ 43,000 ಪ್ಲಾಸ್ಟಿಕ್ ಚೂರು ಸಿಕ್ಕವು. ಬಹಳಷ್ಟು ಚೂರು ರಾಗಿಕಾಳಿನಷ್ಟು ಚಿಕ್ಕವು. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಟೊರಾಂಟೊ ನಗರದ ಹತ್ತಿರ ಹಿಡಿದ ಒಂದೇ ಮೀನಿನ ಹೊಟ್ಟೆಯೊಳಗೆ 915 ಕಣಗಳಿದ್ದವು.

ಇವು ಎಲ್ಲಿಂದ ಬಂದವು? ಮುಖ ತೊಳೆಯುವ ಕ್ರೀಮಿಗೆ ಕಂಪನಿಗಳು ಬೇಕೆಂದೇ ಬೆರೆಸಿದ ಪ್ಲಾಸ್ಟಿಕ್ ಗುಂಡುಗಳು, ಪಾಲಿಯೆಸ್ಟರ್ ಬಟ್ಟೆ ಒಗೆದಾಗ ಉದುರುವ ಎಳೆಗಳು, ಸವೆದ ಟೈರಿನ ಪುಡಿ. ಗುಂಡುಗಳನ್ನು ಅಮೆರಿಕ 2015ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ಬಟ್ಟೆಯ ಎಳೆ, ಟೈರಿನ ಪುಡಿ ಇನ್ನೂ ನೀರಿಗೆ ಸೇರುತ್ತಲೇ ಇವೆ.

ಈಗ ನಮ್ಮ ವಿಷಯಕ್ಕೆ ಬರೋಣ. ಅಲ್ಲಿ ಚರಂಡಿ ನೀರು ಶುದ್ಧ ಮಾಡುವ ಘಟಕಗಳು ಈ ಚೂರುಗಳಲ್ಲಿ ಬಹುಪಾಲನ್ನು ಹಿಡಿಯುತ್ತವೆ. ಹಿಡಿದದ್ದು ಮಾಯವಾಗುವುದಿಲ್ಲ, ತಳದ ಕೆಸರಿನಲ್ಲಿ ಕೂರುತ್ತದೆ. ಆ ಕೆಸರನ್ನೇ ಗೊಬ್ಬರ ಅಂತ ರೈತರ ಹೊಲಕ್ಕೆ ಚೆಲ್ತಾರೆ! ಹೀಗೆ ಉತ್ತರ ಅಮೆರಿಕದ ಹೊಲಗಳಿಗೆ ವರ್ಷಕ್ಕೆ 44,000ದಿಂದ 3,00,000 ಟನ್ ಪ್ಲಾಸ್ಟಿಕ್ ಚೂರು ಬೀಳಬಹುದು ಅಂತ 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಮಳೆ ಹೊಡೆದರೆ ಒಂದಷ್ಟು ಮತ್ತೆ ಹೊಳೆಗೆ, ಮೀನಿಗೆ.

ಲೆಕ್ಕ ನೀವೇ ಹಾಕಿ. ಲಾಭ ಕಂಪನಿಗೆ, ಅನುಕೂಲ ಪಟ್ಟಣಕ್ಕೆ, ಕಸ ಬೆಸ್ತರಿಗೆ ಮತ್ತು ರೈತರಿಗೆ. ಬೆಳೆಗೆ ಬೆಲೆ ಕಟ್ಟುವಾಗ ಈ ನಷ್ಟವನ್ನು ಯಾವ ಅಧಿಕಾರಿ ಬರೆದುಕೊಳ್ತಾನೆ? ನೆಲ ಕೆಟ್ಟಿತು ಅಂತ ಬ್ಯಾಂಕಿನವರು ಸಾಲ ಬಿಡ್ತಾರಾ?

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೇ ಹಂತವೂ ಆಗಬೇಕೆಂದು ಅಲ್ಲಿಯ ರೈತರು ಕೇಳುತ್ತಾ ಬಂದಿದ್ದಾರೆ. ಬರಗಾಲದ ಸೀಮೆಗೆ ನೀರು ಬೇಕು, ನಿಜ. ಆದರೆ ಕೆರೆ ಒಣಗಿದಾಗ ಅದರ ಗೋಡನ್ನು ಹೊಲಕ್ಕೆ ಹೊಡೆಯುವವರು ನಾವೇ ತಾನೇ?

ಆದ್ದರಿಂದ ಸರ್ಕಾರಕ್ಕೆ ನಮ್ಮ ಒತ್ತಾಯ ಇಷ್ಟು. ಪಟ್ಟಣದ ನೀರು ಬರುವ ಪ್ರತಿ ಕೆರೆಯ ನೀರು, ಗೋಡು, ಮೀನು ಮೂರನ್ನೂ ಪ್ಲಾಸ್ಟಿಕ್ ಚೂರುಗಳಿಗಾಗಿ ಪರೀಕ್ಷೆ ಮಾಡಿಸಲಿ. ವರದಿಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲಿ. ಅದರ ಖರ್ಚನ್ನು ಪ್ಲಾಸ್ಟಿಕ್ ತಯಾರಿಸಿ ಲಾಭ ಮಾಡಿದವರಿಂದ ವಸೂಲು ಮಾಡಲಿ. ಅಲ್ಲಿಯವರೆಗೆ ಪಟ್ಟಣದ ಕೆಸರನ್ನು ಗೊಬ್ಬರ ಅಂತ ಯಾರೇ ತಂದರೂ, ಪರೀಕ್ಷೆಯ ಚೀಟಿ ನೋಡದೆ ಲಾರಿಯನ್ನು ಊರೊಳಗೆ ಬಿಡಬೇಡಿ.