ಕಾಗದಕ್ಕೆ ದಾರಿ ತೋರುವ ನಿಯಮ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆಗೆ ಕಾಗದದ ದಾರಿ ಬದಲಾಗುವುದು ಹೊಸ ಸಂಗತಿಯಲ್ಲ. 1956ರ ಅಕ್ಟೋಬರ್ ಕೊನೆಯವರೆಗೆ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಗೆ ಸೇರಿತ್ತು. ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಅದು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿತು. ಕೆ.ಟಿ. ದೊಡ್ಡಿ ಇದ್ದಲ್ಲಿಯೇ ಇತ್ತು. ರಾಯಚೂರೂ ದೂರ ಸರಿಯಲಿಲ್ಲ. ಆದರೆ ಜಿಲ್ಲಾ ಕಚೇರಿಗೆ ಬರೆಯುವ ಅರ್ಜಿ ಬೇರೆ ದಿಕ್ಕು ಹಿಡಿಯಿತು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್‌ನಲ್ಲಿಯೂ ಇದನ್ನು ಕಾಣಬಹುದು. ಗದ್ವಾಲದ್ದು 509125, ರಾಯಚೂರಿನದು 584101. ಮೊದಲ ಅಂಕಿ ಒಂದೇ. ಎರಡನೆಯ ಅಂಕಿಯಲ್ಲಿಯೇ ದಾರಿ ಕವಲೊಡೆಯುತ್ತದೆ. ಕಾಗದದ ಹಾದಿಯನ್ನು ನಿರ್ಧರಿಸುವುದು ಊರುಗಳ ಅಂತರವಲ್ಲ, ವಿಂಗಡಣೆಯ ನಿಯಮ.

ಈಗ ವಿದ್ಯಾರ್ಥಿವೇತನದ ಅರ್ಜಿ, ಪ್ರವೇಶದ ವಿಚಾರಣೆ, ಪರೀಕ್ಷೆಯ ಸೂಚನೆ ಎಲ್ಲವೂ ಬಹುಮಟ್ಟಿಗೆ ಇ-ಮೇಲ್ ಮೂಲಕವೇ ಸಾಗುತ್ತವೆ. ಇವನ್ನು ಹೊರಗೆ ಕಳುಹಿಸುವ ಯಂತ್ರವೇ ಮೇಲ್ ಸರ್ವರ್. ಅದು ನಮ್ಮ ಅಂಚೆ ವಿಂಗಡಣೆಯ ಕೊಠಡಿಯಂತೆ. ವಿಳಾಸದಲ್ಲಿ '@' ಚಿಹ್ನೆಯ ಬಲಕ್ಕಿರುವ ಭಾಗವನ್ನು ಓದಿ, ಆ ಹೆಸರಿನವರ ಅಂಚೆಯನ್ನು ಯಾವ ಸರ್ವರ್ ಸ್ವೀಕರಿಸುತ್ತದೆ ಎಂದು ಅಂತರ್ಜಾಲದ ಹೆಸರುಪಟ್ಟಿಯಲ್ಲಿ ವಿಚಾರಿಸುತ್ತದೆ. ಆ ಪಟ್ಟಿಯ ನಮೂದಿಗೆ ಎಂ.ಎಕ್ಸ್. ಎಂದು ಹೆಸರು. ಹಲವು ಸರ್ವರ್‌ಗಳಿದ್ದರೆ ಕಡಮೆ ಸಂಖ್ಯೆಯುಳ್ಳದ್ದೇ ಮೊದಲು.

ಇದು ಸಾಮಾನ್ಯ ಮಾರ್ಗ. ಆದರೆ ಒಂದು ಸಂಸ್ಥೆ ತನ್ನದೇ ನಿಯಮಗಳನ್ನೂ ಬರೆದಿಡಬಹುದು. ಶಾಲೆಯೊಳಗಿನ ಅಧ್ಯಾಪಕರ ಕಾಗದ ಒಳಗೇ ಉಳಿಯಲಿ. ಇಂತಹ ಇಲಾಖೆಯ ಕಾಗದ ಇಂತಹ ಸರ್ವರ್ ಮೂಲಕ ಹೋಗಲಿ. ಮಿಕ್ಕುದೆಲ್ಲ ಸೇವೆ ಒದಗಿಸುವವರ ಸರ್ವರ್‌ಗೆ ಸಾಗಲಿ. ಇಲ್ಲಿಯೇ ಎಚ್ಚರಿಕೆ ಬೇಕು. ಪೋಸ್ಟ್‌ಫಿಕ್ಸ್ ಎಂಬ ಪ್ರಸಿದ್ಧ ತಂತ್ರಾಂಶವು ಮೊದಲು ಪೂರ್ಣ ವಿಳಾಸದ ನಿಯಮವನ್ನು ಹುಡುಕುತ್ತದೆ, ಬಳಿಕ ಸಂಸ್ಥೆಯ ಹೆಸರಿನದನ್ನು, ಕಟ್ಟಕಡೆಗೆ ನಕ್ಷತ್ರ ಚಿಹ್ನೆಯ ಸಾಮಾನ್ಯ ನಿಯಮವನ್ನು. ಎಕ್ಸಿಮ್ ಎಂಬ ಇನ್ನೊಂದರಲ್ಲಾದರೋ ನಿಯಮಗಳು ಬರೆದ ಕ್ರಮದಲ್ಲಿಯೇ ನಡೆಯುತ್ತವೆ. ಅಲ್ಲಿ "ಎಲ್ಲವೂ ಇತ್ತ" ಎಂಬ ಸಾಲನ್ನು ಮೇಲೆ ಬರೆದರೆ ಕೆಳಗಿನ ವಿಶೇಷ ನಿಯಮಗಳಿಗೆ ಸರದಿಯೇ ಬಾರದು. ವಿಶೇಷವು ಮೊದಲು, ಸಾಮಾನ್ಯವು ಕಡೆಗೆ ಎಂಬುದೇ ಸೂತ್ರ.

ದಾರಿ ಬದಲಿಸುವವರು ಮತ್ತೊಂದು ಕೆಲಸವನ್ನು ಮರೆಯಬಾರದು. ನಮ್ಮ ಹೆಸರಿನಲ್ಲಿ ಕಾಗದ ಕಳುಹಿಸಲು ಯಾವ ಸರ್ವರ್‌ಗಳಿಗೆ ಅಧಿಕಾರವುಂಟು ಎಂಬುದನ್ನು ಎಸ್.ಪಿ.ಎಫ್. ಎಂಬ ಬಹಿರಂಗ ನಮೂದಿನಲ್ಲಿ ತಿಳಿಸುತ್ತೇವೆ. ಹೊಸ ಸರ್ವರ್‌ನ ಹೆಸರು ಅದರಲ್ಲಿಲ್ಲದಿದ್ದರೆ, ಎದುರಿನವರು ಪ್ರಾಮಾಣಿಕ ಅರ್ಜಿಯನ್ನೂ ಸಂಶಯದಿಂದ ಕಂಡು ಸ್ಪ್ಯಾಮ್ ಪೆಟ್ಟಿಗೆಗೆ ಹಾಕಬಹುದು.

ಕನ್ನಡಿಗರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಬರೆಯಲು ಈಗ ಸಾಧ್ಯ, ಅದಕ್ಕೆ ಬೇಕಾದ ಅಂತರರಾಷ್ಟ್ರೀಯ ಮಾನದಂಡ 2012ರಲ್ಲಿ ಪ್ರಕಟವಾಯಿತು, '.ಭಾರತ' ಎಂಬ ಕನ್ನಡದ ಕೊನೆಹೆಸರೂ ಇದೆ. ಪೋಸ್ಟ್‌ಫಿಕ್ಸ್ 2015ರಲ್ಲಿ ಇದಕ್ಕೆ ಅವಕಾಶ ನೀಡಿತು. ಆದರೆ ದಾರಿಯ ನಡುವೆ ಒಂದು ಹಳೆಯ ಸರ್ವರ್ ಇದ್ದು, ಅದು ಈ ಲಿಪಿಯನ್ನು ಒಪ್ಪದಿದ್ದರೆ ಕಾಗದ ಮುಂದೆ ಹೋಗದೆ ಹಿಂದಿರುಗುತ್ತದೆ. ಆದುದರಿಂದ ಅಂತಹ ವಿಳಾಸಗಳಿಗೆ, ಅದನ್ನು ಒಪ್ಪುವ ಸರ್ವರ್ ಮೂಲಕ ಹೋಗುವ ಪ್ರತ್ಯೇಕ ನಿಯಮವನ್ನು ಬರೆಯುವುದು ಲೇಸು.

ಪೋಷಕರೇ, ಯಂತ್ರವು ತಪ್ಪು ನಿಯಮವನ್ನೂ ಸರಿಯಾದುದರಷ್ಟೇ ನಿಷ್ಠೆಯಿಂದ ಪಾಲಿಸುತ್ತದೆ. ತಲುಪಿಸಲಾರದ ಕಾಗದವನ್ನು ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 5 ದಿನ ಮತ್ತೆ ಮತ್ತೆ ಪ್ರಯತ್ನಿಸಿ, ಬಳಿಕ ಕಳುಹಿಸಿದವರಿಗೆ ಹಿಂದಿರುಗಿಸುತ್ತದೆ. ಅರ್ಜಿಯ ಕಡೆಯ ದಿನ 3 ದಿನ ದೂರವಿದ್ದರೆ ಆ ಮಗುವಿನ ಗತಿಯೇನು? ಆದಕಾರಣ ನಿಯಮ ಬದಲಿಸಿದ ದಿನವೇ ಒಳಗೂ ಹೊರಗೂ ಒಂದೊಂದು ಪರೀಕ್ಷೆಯ ಕಾಗದ ಕಳುಹಿಸಿ ನೋಡಬೇಕು. ಹಿಂದಿರುಗಿದ ಕಾಗದಗಳನ್ನು ದಿನವೂ ಓದಲು ಒಬ್ಬರನ್ನು ಗೊತ್ತುಮಾಡಬೇಕು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ಮುಂದೆ ಈ ವಿದ್ಯೆಯನ್ನು ಕಲಿಯುವಿರಿ. ಆಗ ನೀವು ಬರೆಯುವ ಒಂದೊಂದು ಸಾಲಿನ ಆಚೆ, ಉತ್ತರಕ್ಕಾಗಿ ಕಾದಿರುವ ಒಂದು ಮನೆಯಿರುತ್ತದೆ ಎಂಬುದು ನಿಮ್ಮ ನೆನಪಿನಲ್ಲಿರಲಿ.