ಅಳಿದ ನಕ್ಷತ್ರದ ಗುರುತು



1987ರ ಫೆಬ್ರವರಿಯಲ್ಲಿ, ದೊಡ್ಡ ಮೆಗೆಲ್ಲನ್ ಮೋಡವೆಂಬ ನೆರೆಯ ಗೆಲಾಕ್ಸಿಯಲ್ಲಿ ಸೂಪರ್‌ನೋವಾ ಒಂದು ಬರಿಗಣ್ಣಿಗೇ ಗೋಚರಿಸಿತು. ಸುಮಾರು 1,60,000 ಜ್ಯೋತಿರ್ವರ್ಷಗಳಾಚೆ ಸಿಡಿದ ಆ ನಕ್ಷತ್ರ ಯಾವುದು?

ಉತ್ತರ ಹಳೆಯ ಛಾಯಾಚಿತ್ರ ಫಲಕಗಳಲ್ಲಿತ್ತು. ಸ್ಫೋಟದ ಸ್ಥಾನವನ್ನು ಅವುಗಳೊಡನೆ ತಾಳೆ ನೋಡಿದಾಗ, ಖಗೋಳಜ್ಞ ನಿಕೊಲಸ್ ಸ್ಯಾಂಡುಲೀಕ್ ಹಿಂದೆಯೇ ತಮ್ಮ ಪಟ್ಟಿಯಲ್ಲಿ ನಮೂದಿಸಿದ್ದ ತಾರೆಯೊಂದು ಅಲ್ಲಿ ಕಂಡಿತು. ಸ್ಫೋಟದ ಪ್ರಭೆ ತಗ್ಗಿದ ಮೇಲೆ ಆ ತಾರೆ ಕಣ್ಮರೆಯಾದುದು ದೃಢಪಟ್ಟಿತು.

ಅಚ್ಚರಿಯಿದ್ದುದು ಅದರ ಬಣ್ಣದಲ್ಲಿ. ಹೀಗೆ ಸಿಡಿಯುವವು ಕೆಂಪು ಮಹಾದೈತ್ಯ ತಾರೆಗಳೆಂದು ವಿದ್ವಾಂಸರು ನಿರೀಕ್ಷಿಸಿದ್ದರು. ಇದು ನೀಲಿ ಮಹಾದೈತ್ಯವಾಗಿತ್ತು. ಹಳೆಯ ನಮೂದೊಂದು ಸಿದ್ಧಾಂತವನ್ನೇ ಮರುಪರಿಶೀಲನೆಗೆ ಒಡ್ಡಿತು. ಅನಂತರ, 2003ರಲ್ಲಿ ಕಂಡ ಸೂಪರ್‌ನೋವಾ ಒಂದರ ಮೂಲವನ್ನು ಹಬಲ್ ದೂರದರ್ಶಕದ ಹಿಂದಿನ ಚಿತ್ರಗಳಲ್ಲಿ ಅರಸಿದಾಗ ಕೆಂಪು ಮಹಾದೈತ್ಯವೇ ದೊರೆಯಿತು. ಹಳೆಯ ನಿರೀಕ್ಷೆಯೂ ಪೂರ್ತಿ ಹುಸಿಯಾಗಲಿಲ್ಲ.

ಸರಕಾರಿ ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಈ ವೃತ್ತಾಂತ ಆಪ್ತವಾದುದು. ತನ್ನ ನಮೂದು ಯಾವಾಗ, ಯಾರಿಗೆ ಬೇಕಾದೀತೆಂಬುದು ಬರೆದಿಟ್ಟವನಿಗೆ ತಿಳಿದಿರುವುದಿಲ್ಲ. ಹಳತೆಂದು ಆ ಫಲಕಗಳನ್ನು ಎಸೆದಿದ್ದರೆ, ನಕ್ಷತ್ರವೊಂದು ಹೆಸರಿಲ್ಲದೆಯೇ ಅಳಿದುಹೋಗುತ್ತಿತ್ತು. ನಮ್ಮ ಸಂಘದ ಹಳೆಯ ನಡಾವಳಿ ಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ಇದನ್ನು ನೆನೆಯೋಣ.