ಹೊಸ ಗಣಕಯಂತ್ರ, ಹಳೆಯ ತಂತ್ರಾಂಶ: ಪಂಚಾಯಿತಿ ದಾಖಲೆಗಳನ್ನು ಉಳಿಸಿಕೊಳ್ಳುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಇಂದು ನನಗೆ ವಹಿಸಿರುವ ವಿಷಯವು ಮೊದಲ ನೋಟಕ್ಕೆ ಎಂಜಿನಿಯರುಗಳಿಗೆ ಸೇರಿದ್ದೆಂದು ತೋರಬಹುದು. ದತ್ತಸಂಚಯವನ್ನು ರೂಪಿಸುವ ಉಪಕರಣಗಳು ಹೊಸ ಆವೃತ್ತಿಯ ಗಣಕ ವ್ಯವಸ್ಥೆಯೊಡನೆ ಹೊಂದಿಕೊಳ್ಳುತ್ತವೆಯೇ ಎಂಬುದು ಆ ವಿಷಯ. ಆದರೆ ಕಚೇರಿಗೆ ಹೊಸ ಗಣಕಯಂತ್ರ ಕೊಳ್ಳುವ ಠರಾವಿಗೆ ಅನುಮೋದನೆ ನೀಡುವವರು ತಾವು. ನೀರಿನ ಕರದ ಲೆಕ್ಕಕ್ಕೆ ತಂತ್ರಾಂಶ ಮಾಡಿಸುವಾಗ ದರಪಟ್ಟಿಯನ್ನು ಒಪ್ಪುವವರೂ ತಾವೇ. ಆ ನಿರ್ಧಾರದಿಂದ ದಾಖಲೆ ಕೈತಪ್ಪಿದರೆ ಗ್ರಾಮಸ್ಥರು ಪ್ರಶ್ನಿಸುವುದು ಎಂಜಿನಿಯರನ್ನಲ್ಲ, ತಮ್ಮನ್ನು. ಆದುದರಿಂದ ಈ ವಿಷಯವನ್ನು ತಮ್ಮ ಮುಂದಿಡುವುದು ಅಗತ್ಯವೆಂದು ಭಾವಿಸಿದ್ದೇನೆ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಒಂದು ಗ್ರಾಮ ಪಂಚಾಯಿತಿಯವರು 2010ರ ಸುಮಾರಿಗೆ ಸ್ಥಳೀಯ ಯುವಕರೊಬ್ಬರಿಂದ ನೀರಿನ ಕರ ಹಾಗೂ ಮಳಿಗೆ ಬಾಡಿಗೆಯ ಲೆಕ್ಕಕ್ಕಾಗಿ ಒಂದು ಸಣ್ಣ ತಂತ್ರಾಂಶ ಮಾಡಿಸಿದರು. ಲೆಕ್ಕವೆಲ್ಲ ಮೈಕ್ರೋಸಾಫ್ಟ್ ಆಕ್ಸೆಸ್‌ನ ಒಂದೇ ಕಡತದಲ್ಲಿ ಸೇರುತ್ತಿತ್ತು. ಹನ್ನೆರಡು ವರ್ಷ ಅದು ತೊಂದರೆಯಿಲ್ಲದೆ ನಡೆಯಿತು. ಬಳಿಕ ಹಳೆಯ ಗಣಕಯಂತ್ರ ಕೆಟ್ಟಿತು. ಪಂಚಾಯಿತಿಯು ನಿಯಮದಂತೆ ದರಪಟ್ಟಿ ಕರೆದು ಹೊಸದನ್ನು ಕೊಂಡಿತು. ಹಳೆಯ ಕಡತವನ್ನೂ ತಂತ್ರಾಂಶವನ್ನೂ ಪೆನ್‌ಡ್ರೈವ್‌ನಲ್ಲಿ ತಂದು ಹೊಸ ಯಂತ್ರಕ್ಕೆ ಹಾಕಿದರು. ತಂತ್ರಾಂಶ ತೆರೆಯಿತು, ಆದರೆ ಲೆಕ್ಕ ತೆರೆಯಲಿಲ್ಲ. ಕಡತವನ್ನು ಓದಲು ಬೇಕಾದ ಡ್ರೈವರ್ ಈ ಯಂತ್ರದಲ್ಲಿ ನೋಂದಣಿಯಾಗಿಲ್ಲ ಎಂಬ ಸೂಚನೆ ಪರದೆಯ ಮೇಲೆ ಬಂದಿತು. ಡ್ರೈವರನ್ನು ಹಾಕಲು ಹೋದರೆ ಅದನ್ನೂ ಯಂತ್ರ ನಿರಾಕರಿಸಿತು. ತಂತ್ರಾಂಶ ಬರೆದ ಯುವಕರು ಊರು ಬಿಟ್ಟು ವರ್ಷಗಳಾಗಿದ್ದವು.

ಇಂತಹ ಸಂದರ್ಭದಲ್ಲಿ ಒಬ್ಬ ತಾಯಿ ಕಚೇರಿಗೆ ಬಂದು, "ಹೋದ ವರ್ಷವೇ ನೀರಿನ ಕರ ಕಟ್ಟಿದ್ದೇನೆ, ರಸೀದಿ ಮಳೆಯಲ್ಲಿ ನೆನೆದು ಹೋಯಿತು, ನಿಮ್ಮ ಲೆಕ್ಕದಲ್ಲಿ ನೋಡಿ ಹೇಳಿ" ಎಂದು ಕೇಳಿದರೆ ನಮ್ಮ ಉತ್ತರವೇನು? ಲೆಕ್ಕ ಕಡತದಲ್ಲಿದೆ, ಒಂದಕ್ಷರವೂ ಅಳಿಸಿಲ್ಲ. ಆದರೂ ಓದುವವರಿಲ್ಲ. ನಮ್ಮ ವಿಷಯದ ತಿರುಳು ಇದೇ ಆಗಿದೆ.

ಕಾಗದದ ವಹಿಗೆ ಈ ತೊಂದರೆ ಇರಲಿಲ್ಲ. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿತು. 16 ಆಣೆಗೆ ಒಂದು ರೂಪಾಯಿ ಎಂಬುದು ಹೋಗಿ 100 ಪೈಸೆಗೆ ಒಂದು ರೂಪಾಯಿ ಎಂದಾಯಿತು. ಆದರೂ ಆಣೆಯಲ್ಲಿ ಬರೆದ ಹಳೆಯ ಲೆಕ್ಕವನ್ನು ಶಾನುಭೋಗರು ಎಂದಿನಂತೆ ಓದಬಲ್ಲವರಾಗಿದ್ದರು. ಇಂದೂ ಓದು ಬಲ್ಲ ಯಾರಾದರೂ ಓದಬಲ್ಲರು. ಗಣಕದ ದಾಖಲೆ ಹಾಗಲ್ಲ. ಅದನ್ನು ಓದಲು ನಾಲ್ಕು ಅಂಗಗಳು ಒಟ್ಟಿಗೆ ಕೂಡಿ ಬರಬೇಕು: ಲೆಕ್ಕವಿರುವ ದತ್ತಸಂಚಯ, ಅದನ್ನು ತೆರೆಯುವ ಡ್ರೈವರ್, ತಂತ್ರಾಂಶವನ್ನು ಬರೆಯಲು ಬಳಸಿದ ಉಪಕರಣ ಮತ್ತು ಇವೆಲ್ಲಕ್ಕೂ ಆಧಾರವಾದ ಕಾರ್ಯಾಚರಣಾ ವ್ಯವಸ್ಥೆ, ಅಂದರೆ ವಿಂಡೋಸ್‌ನಂತಹದು. ಈ ನಾಲ್ಕರ ಆಯುಸ್ಸು ಒಂದೇ ಅಲ್ಲ. ಒಂದು ಬದಲಾದಾಗ ಉಳಿದವು ಅದರೊಡನೆ ಹೊಂದಿಕೊಳ್ಳದಿರಬಹುದು.

ಮೇಲಿನ ಸನ್ನಿವೇಶದಲ್ಲಿ ನಡೆದದ್ದೇನೆಂದು ನೋಡೋಣ. ಹಳೆಯ ಯಂತ್ರದಲ್ಲಿದ್ದ ಆಫೀಸ್ ತಂತ್ರಾಂಶವು 32 ಬಿಟ್‌ನದು. ಯುವಕರು ಬರೆದ ತಂತ್ರಾಂಶವೂ 32 ಬಿಟ್‌ನದೇ. ಹೊಸ ಯಂತ್ರದೊಡನೆ ಬಂದದ್ದು 64 ಬಿಟ್ ಆಫೀಸ್. 2019ರ ಆವೃತ್ತಿಯಿಂದೀಚೆಗೆ, ಬೇರೆ ಆಯ್ಕೆ ಮಾಡದಿದ್ದಲ್ಲಿ, 64 ಬಿಟ್ ಆಫೀಸೇ ಸ್ಥಾಪನೆಯಾಗುತ್ತದೆ. 32 ಬಿಟ್ ತಂತ್ರಾಂಶವು 64 ಬಿಟ್ ಡ್ರೈವರನ್ನು ಬಳಸಲಾರದು. 64 ಬಿಟ್ ಆಫೀಸ್ ಇರುವ ಯಂತ್ರದಲ್ಲಿ 32 ಬಿಟ್ ಡ್ರೈವರನ್ನು ಹಾಕಲು ಹೋದರೆ ಸ್ಥಾಪನಾ ಕ್ರಮವೇ ತಡೆಯುತ್ತದೆ. ದರಪಟ್ಟಿಯಲ್ಲಿ ಈ ಒಂದು ಅಂಶವನ್ನು ಮೊದಲೇ ವಿಚಾರಿಸಿ 32 ಬಿಟ್ ಆಫೀಸನ್ನು ಕೇಳಿದ್ದರೆ, ಬೇರೆ ವೆಚ್ಚವಿಲ್ಲದೆ ಅಂದಿನ ತೊಡಕು ತಪ್ಪುತ್ತಿತ್ತು.

ಇನ್ನೂ ಹಳೆಯ ಕಡತಗಳಿಗೆ ಇನ್ನೊಂದು ಬಗೆಯ ತೊಡಕಿದೆ. ಆಕ್ಸೆಸ್ 97ರಲ್ಲಿ ಮಾಡಿದ ಕಡತವನ್ನು ಆಕ್ಸೆಸ್ 2013 ಮತ್ತು ಆನಂತರದ ಆವೃತ್ತಿಗಳು ತೆರೆಯುವುದಿಲ್ಲ. ಅದನ್ನು ಮೊದಲು ಆಕ್ಸೆಸ್ 2010 ಅಥವಾ ಅದಕ್ಕೂ ಹಿಂದಿನ ಸೂಕ್ತ ಆವೃತ್ತಿಯಲ್ಲಿ ಪರಿವರ್ತಿಸಿ, ಬಳಿಕ ಹೊಸದಕ್ಕೆ ತರಬೇಕು. ನಡುವಿನ ಮೆಟ್ಟಿಲು ಇರುವಾಗಲೇ ಏರಬೇಕೆಂಬುದು ಇದರ ಪಾಠ.

ಹಿಂದೆ ಅನೇಕ ಕಚೇರಿಗಳ ತಂತ್ರಾಂಶಗಳನ್ನು ವಿಷುಯಲ್ ಬೇಸಿಕ್ 6ರಲ್ಲಿ ಬರೆಯಲಾಗುತ್ತಿತ್ತು. ಈ ಉಪಕರಣ 1998ರಲ್ಲಿ ಬಂದಿತು. ಇದಕ್ಕೆ ತಯಾರಕರು ನೀಡುತ್ತಿದ್ದ ಬೆಂಬಲ 2008ರ ಏಪ್ರಿಲ್‌ನಲ್ಲಿ ಮುಗಿಯಿತು. ಇದರಲ್ಲಿ ಬರೆದ ತಂತ್ರಾಂಶಗಳು ಹೊಸ ವಿಂಡೋಸ್‌ನಲ್ಲಿಯೂ ಬಹುಮಟ್ಟಿಗೆ ನಡೆಯುತ್ತವೆ. ಆದರೆ ಕರದ ದರ ಬದಲಾಗಿ ತಂತ್ರಾಂಶವನ್ನು ತಿದ್ದಬೇಕಾದಾಗ ಬೆಂಬಲವಿರುವ ಉಪಕರಣವಿಲ್ಲ. "ಈಗ ನಡೆಯುತ್ತಿದೆಯಲ್ಲ" ಎಂಬ ಮಾತು ಮತ್ತು "ನಾಳೆ ತಿದ್ದಲು ಬರುತ್ತದೆ" ಎಂಬ ಮಾತು ಬೇರೆ ಬೇರೆ ಎಂಬುದನ್ನು ಸಭೆಯಲ್ಲಿ ನೆನಪಿಡುವುದು ಒಳಿತು.

ಸಣ್ಣ ತಂತ್ರಾಂಶಗಳಿಗೆ ಮಾತ್ರ ಈ ಪಾಡೆಂದು ಭಾವಿಸಬೇಕಾಗಿಲ್ಲ. ದೊಡ್ಡ ದತ್ತಸಂಚಯಗಳಿಗೆ ಬಳಸುವ ಎಸ್‌ಕ್ಯೂಎಲ್ ಸರ್ವರ್ ಮತ್ತು ತಂತ್ರಾಂಶ ಬರೆಯಲು ಬಳಸುವ ವಿಷುಯಲ್ ಸ್ಟುಡಿಯೊ, ಇವೆರಡನ್ನೂ ತಯಾರಿಸುವುದು ಒಂದೇ ಸಂಸ್ಥೆ. ಆದರೂ 2010ರಲ್ಲಿ ಹೊಸ ವಿಷುಯಲ್ ಸ್ಟುಡಿಯೊ ಬಂದಾಗ, ಅದೇ ವರ್ಷ ಬಂದ ಎಸ್‌ಕ್ಯೂಎಲ್ ಸರ್ವರ್ 2008 ಆರ್2ರ ವರದಿ ಸಿದ್ಧಪಡಿಸುವ ಉಪಕರಣವು 2008ರ ಸ್ಟುಡಿಯೊವನ್ನೇ ಆಧರಿಸಿತ್ತು. ಕೆಲಸಗಾರರು ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಬೇಕಾಯಿತು. 2012ರ ಸ್ಟುಡಿಯೊಗೆ ಹೊಂದುವ ಅದೇ ಬಗೆಯ ಉಪಕರಣ ದೊರೆತದ್ದು 2013ರ ಮಾರ್ಚ್‌ನಲ್ಲಿ. 2021ರ ನವೆಂಬರ್‌ನಲ್ಲಿ ಬಂದ ವಿಷುಯಲ್ ಸ್ಟುಡಿಯೊ 2022 ಮೊದಲ ಬಾರಿಗೆ 64 ಬಿಟ್ ಆಯಿತು; ಆಗಲೂ ದತ್ತಾಂಶವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಉಪಕರಣ ಅದರೊಡನೆಯೇ ಸಿದ್ಧವಾಗಿರಲಿಲ್ಲ. ಒಂದೇ ಮನೆಯ ಎರಡು ಎತ್ತುಗಳೇ ಹೆಜ್ಜೆ ಸೇರಿಸಿ ನಡೆಯದಿರುವಾಗ, ಬೇರೆ ಬೇರೆ ಕಡೆಯಿಂದ ತಂದವುಗಳನ್ನು ನೊಗಕ್ಕೆ ಕಟ್ಟುವ ಮುನ್ನ ಯೋಚಿಸಬೇಕಲ್ಲವೇ?

ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳಿಗೂ ಈ ಮಾತು ಸಲ್ಲುತ್ತದೆ. ಪಿಎಚ್‌ಪಿ ಭಾಷೆಯಲ್ಲಿ ಮೈಎಸ್‌ಕ್ಯೂಎಲ್ ದತ್ತಸಂಚಯವನ್ನು ತೆರೆಯಲು ಬಳಸುತ್ತಿದ್ದ ಹಳೆಯ ಆದೇಶಗಳನ್ನು 2015ರ ಡಿಸೆಂಬರ್‌ನಲ್ಲಿ ಬಂದ 7ನೇ ಆವೃತ್ತಿಯಲ್ಲಿ ಕೈಬಿಡಲಾಯಿತು. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು.

ಹಾಗೆಂದು ಹಳೆಯದನ್ನೇ ಹಿಡಿದು ಕೂರುವಂತೆಯೂ ಇಲ್ಲ. ಎಸ್‌ಕ್ಯೂಎಲ್ ಸರ್ವರ್ 2012ರ ಬೆಂಬಲ 2022ರ ಜುಲೈ 12ಕ್ಕೂ, 2014ರ ಆವೃತ್ತಿಯದು 2024ರ ಜುಲೈ 9ಕ್ಕೂ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೂ ಕೊನೆಗೊಂಡಿದೆ. ಬೆಂಬಲ ನಿಂತ ವ್ಯವಸ್ಥೆಯಲ್ಲಿ ಹೊಸದಾಗಿ ಕಂಡುಬರುವ ಭದ್ರತಾ ಲೋಪಗಳಿಗೆ ಎಂದಿನಂತೆ ಪರಿಹಾರ ದೊರೆಯುವುದಿಲ್ಲ. ಗ್ರಾಮಸ್ಥರ ಹೆಸರು, ದೂರವಾಣಿ ಸಂಖ್ಯೆ, ಬಾಕಿ ಮೊತ್ತ ಇರುವ ಯಂತ್ರವನ್ನು ಆ ಸ್ಥಿತಿಯಲ್ಲಿ ಅಂತರ್ಜಾಲಕ್ಕೆ ಜೋಡಿಸಿಡುವುದು ಯುಕ್ತವಲ್ಲ. ಬದಲಾವಣೆ ಅನಿವಾರ್ಯ, ಅದು ಸಿದ್ಧತೆಯೊಡನೆ ಆಗಬೇಕೆಂಬುದಷ್ಟೇ ನನ್ನ ಮಾತು.

ನಮ್ಮ ನಾಡಿಗೆ ವಿಶೇಷವಾದ ಇನ್ನೊಂದು ಎಚ್ಚರಿಕೆಯೂ ಉಂಟು. ಅದು ಕನ್ನಡ ಅಕ್ಷರಗಳದು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಬಹುಕಾಲ ನಮ್ಮ ಕಚೇರಿಗಳಲ್ಲಿ ಫಾಂಟ್ ಆಧಾರಿತ ಬರವಣಿಗೆಯೇ ರೂಢಿಯಲ್ಲಿತ್ತು. ಅದರಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಸಂಗ್ರಹವಾಗುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಖಾತೆದಾರರ ಹೆಸರು ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು, ದೀರ್ಘಗಳು ತಪ್ಪಿಹೋಗುವ ಸಂಭವವಿದೆ. ಇದಕ್ಕಿಂತ ಕಠಿಣವಾದದ್ದು, ಯೂನಿಕೋಡ್ ಸ್ವೀಕರಿಸದ ಅಂಕಣಕ್ಕೆ ಯೂನಿಕೋಡ್ ಕನ್ನಡವನ್ನು ತುಂಬಿದಾಗ ಒದಗುವ ಹಾನಿ. ಆಗ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ಹೀಗೆ ಹೋದ ಹೆಸರನ್ನು ಆ ಕಡತದಿಂದ ಮರಳಿ ಪಡೆಯುವುದು ಸಾಧ್ಯವಿಲ್ಲ. ದಿನಾಂಕಗಳಲ್ಲಿಯೂ ಇಂತಹ ಅಪಾಯವಿದೆ. 05-04 ಎಂಬುದನ್ನು ನಾವು ಏಪ್ರಿಲ್ 5 ಎಂದು ಓದುತ್ತೇವೆ. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಯಂತ್ರ ಮೇ 4 ಎಂದು ಓದುತ್ತದೆ. ಹೆಸರು ತಪ್ಪಿದರೆ ಮನೆಯ ಖಾತೆಯ ಪ್ರಶ್ನೆ, ದಿನಾಂಕ ತಪ್ಪಿದರೆ ದಂಡದ ಪ್ರಶ್ನೆ.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮಸ್ವರಾಜ್ ಮುಂತಾದವುಗಳ ಆವೃತ್ತಿ ಬದಲಾವಣೆಯ ಹೊಣೆ ಗ್ರಾಮ ಪಂಚಾಯಿತಿಯದಲ್ಲ. ಅವುಗಳನ್ನು ಸರ್ಕಾರದ ಮಟ್ಟದಲ್ಲಿ ನಿರ್ವಹಿಸಲಾಗುತ್ತದೆ. ನಾನು ಹೇಳುತ್ತಿರುವುದು ಪಂಚಾಯಿತಿಯೇ ಮಾಡಿಸಿಕೊಂಡ ತಂತ್ರಾಂಶಗಳು ಮತ್ತು ಕಚೇರಿಯ ಯಂತ್ರದಲ್ಲಿ ಉಳಿದಿರುವ ಹಳೆಯ ವರ್ಷಗಳ ಕಡತಗಳ ಬಗ್ಗೆ. ಅವುಗಳ ಹೊಣೆ ನಮ್ಮದೇ.

ಕಾನೂನಿನ ಆಶಯವೂ ಇದೇ ಆಗಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೇ ಪ್ರಕರಣವು ವಿದ್ಯುನ್ಮಾನ ರೂಪದಲ್ಲಿ ದಾಖಲೆ ಇರಿಸುವುದಕ್ಕೆ ಮಾನ್ಯತೆ ನೀಡುವಾಗ ಕೆಲವು ಷರತ್ತುಗಳನ್ನು ವಿಧಿಸಿದೆ. ಅದರಲ್ಲಿರುವ ಮಾಹಿತಿ ಮುಂದಿನ ಪರಾಮರ್ಶೆಗೆ ಬಳಸಬಹುದಾದಂತೆ ದೊರೆಯುತ್ತಿರಬೇಕು; ಮೂಲ ರೂಪದಲ್ಲಿ ಅಥವಾ ಮೂಲವನ್ನು ಯಥಾವತ್ತಾಗಿ ಪ್ರತಿನಿಧಿಸುತ್ತದೆಂದು ತೋರಿಸಬಹುದಾದ ರೂಪದಲ್ಲಿ ಇರಬೇಕು. ಕಡತ ಕಪಾಟಿನಲ್ಲಿದೆ ಎಂದರೆ ಸಾಲದು, ತೆರೆದು ಓದಲು ಬರಬೇಕು ಎಂಬುದು ಇದರ ತಾತ್ಪರ್ಯ.

ಇನ್ನು ಸಾಮಾನ್ಯ ಸಭೆಯಲ್ಲಿ ತಾವು ಮಾಡಬಹುದಾದ ಕಾರ್ಯಗಳನ್ನು ಕ್ರಮವಾಗಿ ಹೇಳುತ್ತೇನೆ. ಇದಾವುದಕ್ಕೂ ಗಣಕ ಶಿಕ್ಷಣ ಬೇಕಿಲ್ಲ.

1. ಕಚೇರಿಯ ಯಂತ್ರಗಳಲ್ಲಿ ಪಂಚಾಯಿತಿಯ ಸ್ವಂತ ತಂತ್ರಾಂಶಗಳು ಯಾವುವು, ಯಾವ ಆವೃತ್ತಿಯವು, ಯಾರು ಮಾಡಿದ್ದು, ಬೆಂಬಲ ಎಂದಿನವರೆಗೆ ಎಂಬ ಒಂದು ಪುಟದ ಪಟ್ಟಿಯನ್ನು ಸಭೆಯ ಮುಂದಿಡುವಂತೆ ಕೇಳಿರಿ.

2. ಪ್ರತಿ ಆರ್ಥಿಕ ವರ್ಷದ ಕೊನೆಗೆ ಇಡೀ ಲೆಕ್ಕವನ್ನು ಯಾವ ಯಂತ್ರದಲ್ಲಾದರೂ ತೆರೆಯಬಹುದಾದ ಸರಳ ಸಿಎಸ್‌ವಿ ಕಡತವಾಗಿ, ಯೂನಿಕೋಡ್ ಕನ್ನಡದಲ್ಲಿ ಹೊರತೆಗೆದು ಎರಡು ಕಡೆ ಇರಿಸಬೇಕು. ಬೇಡಿಕೆ, ವಸೂಲಿ, ಬಾಕಿಯ ಪಟ್ಟಿಯನ್ನು ಮುದ್ರಿಸಿ ದೃಢೀಕರಿಸಿ ಇಡಬೇಕು.

3. ಹೊಸ ಯಂತ್ರದ ಹಣ ಪಾವತಿಗೆ ಮುನ್ನ ಅದರಲ್ಲಿ ಹಳೆಯ ತಂತ್ರಾಂಶ ತೆರೆದು, ಒಂದು ರಸೀದಿ ಮುದ್ರಿಸಿ ತೋರಿಸುವ ಷರತ್ತನ್ನು ದರಪಟ್ಟಿ ಕರೆಯುವಾಗಲೇ ಸೇರಿಸಿರಿ.

4. ಪರಿವರ್ತನೆಯ ಬಳಿಕ ಹಳೆಯದು ಮತ್ತು ಹೊಸದನ್ನು ತಾಳೆ ನೋಡಬೇಕು. ಖಾತೆಗಳ ಸಂಖ್ಯೆ, ಒಟ್ಟು ಬೇಡಿಕೆ, ಒಟ್ಟು ಬಾಕಿ ಈ ಮೂರೂ ಪೈಸೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ಪ್ರತಿ ವಾರ್ಡಿನಿಂದ ಕೆಲವು ಖಾತೆಗಳನ್ನು ಆರಿಸಿ ಹೆಸರು, ದಿನಾಂಕಗಳನ್ನು ಕಾಗದದ ವಹಿಯೊಡನೆ ಪರಿಶೀಲಿಸಬೇಕು. ಈ ಕೆಲಸಕ್ಕೆ ಆಯಾ ವಾರ್ಡಿನ ಸದಸ್ಯರಿಗಿಂತ ತಕ್ಕವರಿಲ್ಲ. ಹೆಸರು ತಪ್ಪಿದ್ದರೆ ತಮ್ಮ ಕಣ್ಣಿಗೆ ಮೊದಲು ಬೀಳುತ್ತದೆ.

5. ತಾಳೆ ಮುಗಿದು ಸಭೆಯ ನಡಾವಳಿಯಲ್ಲಿ ದಾಖಲಾಗುವವರೆಗೆ ಹಳೆಯ ಯಂತ್ರವನ್ನಾಗಲಿ ಅದರ ಹಾರ್ಡ್ ಡಿಸ್ಕನ್ನಾಗಲಿ ವಿಲೇವಾರಿ ಮಾಡಬಾರದು.

6. ಮುಂದೆ ತಂತ್ರಾಂಶ ಮಾಡಿಸುವಾಗ, ದತ್ತಾಂಶವು ಪಂಚಾಯಿತಿಯ ಸ್ವತ್ತು. ಸೋರ್ಸ್ ಕೋಡ್, ಪಾಸ್‌ವರ್ಡ್ ಮತ್ತು ಬಳಸಿದ ಉಪಕರಣಗಳ ಆವೃತ್ತಿಯ ವಿವರವನ್ನು ಕಚೇರಿಗೆ ಒಪ್ಪಿಸತಕ್ಕದ್ದು ಎಂಬುದನ್ನು ಕರಾರಿನಲ್ಲಿ ಬರೆಸಿರಿ.

ಇವುಗಳಲ್ಲಿ ಮೂರನೆಯದಕ್ಕೆ ಅರ್ಧ ಗಂಟೆ ಸಾಕು. ನಾಲ್ಕನೆಯದಕ್ಕೆ ಒಂದೆರಡು ದಿನ ಹಿಡಿಯಬಹುದು. ಕಳೆದುಹೋದ ಲೆಕ್ಕವನ್ನು ಮನೆಮನೆಗೆ ಹೋಗಿ ರಸೀದಿ ಕೇಳಿ ಮತ್ತೆ ಕಟ್ಟುವುದಕ್ಕೆ ತಿಂಗಳುಗಳೇ ಬೇಕು; ಅಷ್ಟಾದರೂ ರಸೀದಿ ಕಳೆದುಕೊಂಡವರಿಗೆ ನ್ಯಾಯ ದೊರೆಯುವುದಿಲ್ಲ.

ಆರಂಭದಲ್ಲಿ ಹೇಳಿದ ಆ ತಾಯಿಯ ಪ್ರಶ್ನೆಗೆ ಮರಳುತ್ತೇನೆ. ಆಕೆ ಕಟ್ಟಿದ ಹಣಕ್ಕೆ ಈಗ ಉಳಿದಿರುವ ಸಾಕ್ಷಿ ನಮ್ಮ ಲೆಕ್ಕ ಮಾತ್ರ. ಯಾವ ಆವೃತ್ತಿ ಬಂದಿತು, ಯಾವುದರ ಬೆಂಬಲ ನಿಂತಿತು ಎಂಬುದು ಆಕೆಗೆ ತಿಳಿಯಬೇಕಾದ್ದಲ್ಲ. ಅದನ್ನು ತಿಳಿದು ಕಾಲಕ್ಕೆ ತಕ್ಕ ಏರ್ಪಾಡು ಮಾಡಲೆಂದೇ ಆಕೆ ತಮ್ಮನ್ನು ಆರಿಸಿ ಕಳುಹಿಸಿದ್ದಾಳೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಮೊದಲನೆಯ ಅಂಶವಾದ ಆ ಒಂದು ಪುಟದ ಪಟ್ಟಿಯನ್ನಾದರೂ ಸೇರಿಸಬೇಕೆಂದು ವಿನಂತಿಸುತ್ತೇನೆ.